ಡಿ.ಇಎಲ್.ಇಡಿ ಆದ ಮೇಲೆ ಸ್ಪೆಷಲ್ ಡಿ.ಇಡಿ: ಎರಡೂ ಕಲಿಯಬೇಕಾ, ಒಂದು ಸಾಕಾ?

ಶಿರಸಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಡಿ.ಇಎಲ್.ಇಡಿ, ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ, ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಈಗ ಒಂದು ಸರ್ಕಾರಿ ಶಾಲೆಯಲ್ಲಿ ಇಂಟರ್ನ್‌ಶಿಪ್ ನಡೆಯುತ್ತಿದೆ. ನನಗೆ ಕೊಟ್ಟಿರುವುದು ನಲಿ-ಕಲಿ ತರಗತಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವುದು. ಅದರಲ್ಲಿ ಮೂರು ಮಕ್ಕಳ ವಿಷಯದಲ್ಲಿ ಏನು ಮಾಡಬೇಕು ಅಂತ ತೋಚುತ್ತಿಲ್ಲ. ಒಬ್ಬನಿಗೆ ಮಾತು ತುಂಬ ಕಡಿಮೆ, ಕರೆದರೆ ತಿರುಗುವುದೂ ಇಲ್ಲ. ಒಬ್ಬಳು ಬಾಯಲ್ಲಿ ಕಥೆ ಚೆನ್ನಾಗಿ ಹೇಳುತ್ತಾಳೆ, ಪುಸ್ತಕ ತೆಗೆ ಅಂದರೆ ಅಳುತ್ತಾಳೆ. ಇನ್ನೊಬ್ಬನಿಗೆ ಕಾಲು ಬಿಗಿ, ನೆಲದ ಮೇಲೆ ಕೂರಲು ಆಗುವುದಿಲ್ಲ.

ಕಾಲೇಜಿನಲ್ಲಿ ಸಮನ್ವಯ ಶಿಕ್ಷಣದ (ಅಂಗವೈಕಲ್ಯ ಇರುವ ಮಕ್ಕಳಿಗೂ ಎಲ್ಲರ ಜೊತೆ ಕಲಿಸುವುದು) ಪಾಠ ಆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯದ ಪಟ್ಟಿ ಬಾಯಿಪಾಠ ಬರುತ್ತದೆ. ಆದರೆ ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಈ ಮಕ್ಕಳ ಜೊತೆ ಏನು ಮಾಡಬೇಕು ಅನ್ನುವುದು ಗೊತ್ತಿಲ್ಲ.

ಹಾಗಾಗಿ ಇದು ಮುಗಿದ ಮೇಲೆ ಸ್ಪೆಷಲ್ ಡಿ.ಇಡಿ, ಅಂದರೆ ವಿಶೇಷ ಶಿಕ್ಷಣದ ಡಿಪ್ಲೊಮಾ, ಮಾಡುವ ಆಸೆ. ಮನೆಯಲ್ಲಿ ಒಪ್ಪುತ್ತಿಲ್ಲ. "ಮೊದಲು ಟಿಇಟಿ ಪಾಸ್ ಮಾಡು, ಕೆಲಸ ಹಿಡಿ, ಆಮೇಲೆ ನೋಡೋಣ" ಅಂತಾರೆ ಅಪ್ಪ. ಟಿಇಟಿ ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಇನ್ನೂ ಎರಡು ವರ್ಷ ಕಳೆದರೆ ಉಪಯೋಗ ಇದೆಯಾ? ಎರಡೂ ಕಲಿತವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನಲಿ-ಕಲಿ ಮೇಷ್ಟ್ರು, ಹಾಸನ

ಮೇಡಂ, ನಾನು ಎರಡೂ ಮಾಡಿದವನು. ಮೊದಲು ಸಾಮಾನ್ಯ ಡಿ.ಇಡಿ (ಈಗಿನ ಡಿ.ಇಎಲ್.ಇಡಿ), ಆಮೇಲೆ ಬುದ್ಧಿಮಾಂದ್ಯ ಮಕ್ಕಳ ವಿಭಾಗದಲ್ಲಿ ಸ್ಪೆಷಲ್ ಡಿ.ಇಡಿ. ಈಗ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿ ನನ್ನದು. ನನ್ನ ಮಾತು ಒಂದೇ: ಮಾಡಿ. ಹುದ್ದೆಗಾಗಿ ಅಲ್ಲ, ನಿಮ್ಮ ಕೈಗೆ ಬರುವ ಎಲ್ಲ ಮಕ್ಕಳಿಗಾಗಿ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದದ್ದು. ಅದರ ಜೀವ ಇರುವುದು ಕಲಿಕಾ ಏಣಿಯಲ್ಲಿ. ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ಇರಬಹುದು. ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಂದ ಹಿಡಿದು ತಾವೇ ಕಲಿಯುವವರ ತನಕ ಐದು ಗುಂಪು. ಒಂದು ವಾರ ಶಾಲೆ ತಪ್ಪಿದ ಮಗು ಬಂದು ಬಿಟ್ಟ ಕಡೆಯಿಂದಲೇ ಶುರು ಮಾಡುತ್ತದೆ. ವಿಶೇಷ ಶಿಕ್ಷಣದಲ್ಲಿ ಪ್ರತಿ ಮಗುವಿಗೂ ಬೇರೆ ಯೋಜನೆ ಬರೆಯುತ್ತೇವಲ್ಲ, ಐಇಪಿ, ಅದರ ಅರ್ಧ ಕೆಲಸ ನಮ್ಮ ಸರ್ಕಾರಿ ಶಾಲೆಯ ಕೋಣೆಯಲ್ಲಿ ಆಗಲೇ ನಡೆದಿದೆ. ಉಳಿದ ಅರ್ಧ ಯಾವುದು? ಮಗು ಒಂದು ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ನಿಂತುಬಿಟ್ಟರೆ ಏನು ಮಾಡಬೇಕು ಅನ್ನುವುದು. ಅದನ್ನು ನನಗೆ ಸಾಮಾನ್ಯ ಡಿ.ಇಡಿ ಕಲಿಸಲಿಲ್ಲ.

ಉದಾಹರಣೆಗೆ ರ, ಗ, ಸ, ದ, ಅ. ಒಂದು ಮಗುವಿಗೆ ಎಷ್ಟು ಸಲ ಕಾರ್ಡ್ ತೋರಿಸಿದರೂ ರ ಯಾವುದು, ಗ ಯಾವುದು ಅಂತ ಬರುವುದಿಲ್ಲ. ಸಾಮಾನ್ಯ ತರಬೇತಿ ಪಡೆದವರು ಮತ್ತೆ ಮತ್ತೆ ಅದೇ ಕಾರ್ಡ್ ಕೊಡುತ್ತೇವೆ. ಸ್ಪೆಷಲ್ ಡಿ.ಇಡಿಯಲ್ಲಿ ನನಗೆ ಕಲಿಸಿದ್ದು ಹೀಗೆ: ಮೊದಲು ಗ ಅಕ್ಷರದ ಕಾರ್ಡ್ ಕೊಟ್ಟು ಅದರಂಥದೇ ಇನ್ನೊಂದನ್ನು ಹುಡುಕಲು ಹೇಳು. ಇದು ಹೊಂದಿಸುವುದು. ಅದು ಬಂದರೆ, ಎರಡು ಕಾರ್ಡ್ ಇಟ್ಟು "ಗ ಯಾವುದು?" ಎಂದು ಕೇಳು. ಇದು ಗುರುತಿಸುವುದು. ಅದೂ ಬಂದ ಮೇಲೆ ಕಾರ್ಡ್ ತೋರಿಸಿ "ಇದೇನು?" ಎಂದು ಕೇಳು. ಇದು ಹೆಸರಿಸುವುದು. ನಾವು ಮೊದಲ ದಿನವೇ ಮೂರನೆಯದನ್ನು ಕೇಳುತ್ತೇವೆ. ಮಗು ಮೊದಲನೆಯದರಲ್ಲೇ ನಿಂತಿರುತ್ತದೆ. ಮಾತು ಕಡಿಮೆ ಇರುವ ಮಗುವಂತೂ ಎರಡನೆಯದನ್ನು ಬೆರಳು ತೋರಿಸಿ ಸರಿಯಾಗಿ ಮಾಡುತ್ತದೆ. ಬಾಯಿ ಬಿಡಲಿಲ್ಲ ಅಂತ ನಾವು ಅದಕ್ಕೆ ಅಕ್ಷರ ಬರುವುದಿಲ್ಲ ಅಂತ ಬರೆದುಬಿಡುತ್ತೇವೆ.

ಇದು ಗೊತ್ತಾದ ಮೇಲೆ ನಾನು ಎಲ್ಲ ಮಕ್ಕಳಿಗೂ ಹಾಗೇ ಕಲಿಸುತ್ತೇನೆ. ಯಾವ ಸರ್ಟಿಫಿಕೇಟೂ ಇಲ್ಲದ, ಸುಮ್ನೆ ಸ್ವಲ್ಪ ನಿಧಾನವಾಗಿ ಕಲಿಯುವ ಮಕ್ಕಳಿಗೆ ಇದರಿಂದ ಆದ ಲಾಭವೇ ಜಾಸ್ತಿ.

ನಿಯಮ ನೋಡುವವನು

ಮೇಷ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ಕಾಗದದ ವಿಷಯ ಬೇರೆ ಇದೆ, ಅದನ್ನೂ ತಿಳಿದುಕೊಳ್ಳಿ. ಡಿ.ಇಎಲ್.ಇಡಿ ನೋಡಿಕೊಳ್ಳುವುದು ಎನ್‌ಸಿಟಿಇ ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. ಅದರ ಕಾಯ್ದೆ 1993ರದ್ದು. ಸ್ಪೆಷಲ್ ಡಿ.ಇಡಿ, ಸ್ಪೆಷಲ್ ಬಿ.ಇಡಿ ಎರಡೂ ಬರುವುದು ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಕೆಳಗೆ. ಅದರ ಕಾಯ್ದೆ 1992ರದ್ದು. ಎರಡಕ್ಕೂ ಬೇರೆ ಬೇರೆ ಸಚಿವಾಲಯ. ನಿಮ್ಮ ತರಗತಿಯ ಮೂರು ಮಕ್ಕಳು ಒಂದೇ ಕೋಣೆಯಲ್ಲಿ ಕೂತಿದ್ದಾರೆ, ಅವರಿಗೆ ಬೇಕಾದ ತರಬೇತಿ ಮಾತ್ರ ದೆಹಲಿಯ ಎರಡು ಕಚೇರಿಗಳಲ್ಲಿ ಹಂಚಿಹೋಗಿದೆ. ನಿಮ್ಮ ಗೊಂದಲದ ಮೂಲ ಇದೇ.

ಕೆಲವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. 2010ರ ಆಗಸ್ಟ್ 23ರಂದು ಎನ್‌ಸಿಟಿಇ ಹೊರಡಿಸಿದ ಅಧಿಸೂಚನೆಯಲ್ಲಿ 1ರಿಂದ 5ನೇ ತರಗತಿಯ ಶಿಕ್ಷಕರಾಗಲು ಇರುವ ಅರ್ಹತೆಗಳ ಪೈಕಿ ಎರಡು ವರ್ಷದ ಸ್ಪೆಷಲ್ ಡಿ.ಇಡಿಯೂ ಇದೆ. ಪಿಯುಸಿಯಲ್ಲಿ ಶೇ 50 ಅಂಕ ಬೇಕು, ಆರ್‌ಸಿಐ ಮಾನ್ಯತೆ ಇರುವ ಕೋರ್ಸ್ ಆಗಿರಬೇಕು, ಟಿಇಟಿ ಪಾಸಾಗಬೇಕು. ಹೀಗೆ ಕೆಲಸಕ್ಕೆ ಸೇರಿದವರು ಆಮೇಲೆ ಪ್ರಾಥಮಿಕ ಶಿಕ್ಷಣದಲ್ಲಿ ಆರು ತಿಂಗಳ ವಿಶೇಷ ತರಬೇತಿ ಮಾಡಬೇಕು. ಅಂದರೆ ವಿಶೇಷ ಶಿಕ್ಷಣದಿಂದ ಸಾಮಾನ್ಯ ಶಾಲೆಗೆ ಬರಲು ಬಾಗಿಲು ಇದೆ. ಸಾಮಾನ್ಯ ಡಿ.ಇಎಲ್.ಇಡಿ ಮಾಡಿದವರು ಆರು ತಿಂಗಳ ಕೋರ್ಸ್ ಮಾಡಿ ವಿಶೇಷ ಶಿಕ್ಷಕರಾಗುವ ಬಾಗಿಲು ಆ ಅಧಿಸೂಚನೆಯಲ್ಲಿ ಇಲ್ಲ. ಅದಕ್ಕೆ ಆರ್‌ಸಿಐ ಕೋರ್ಸೇ ಬೇಕು, ಅದರ ಕೇಂದ್ರೀಯ ಪುನರ್ವಸತಿ ನೋಂದಣಿಯಲ್ಲಿ ಹೆಸರು ಬರಬೇಕು. ನೋಂದಣಿ ಇಲ್ಲದೆ ವಿಶೇಷ ಶಿಕ್ಷಕ ಅಂತ ಕೆಲಸ ಮಾಡುವುದು ಆರ್‌ಸಿಐ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಶಿಕ್ಷೆಗೆ ಗುರಿಯಾಗುವ ಅಪರಾಧ.

ಇನ್ನೊಂದು. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ 1ರಿಂದ 5ನೇ ತರಗತಿಗೆ ಬಿ.ಇಡಿ ಅರ್ಹತೆ ಅಲ್ಲ ಎಂದು ಹೇಳಿದೆ. ಹಾಗಾಗಿ ನಿಮ್ಮ ಕೈಲಿರುವ ಡಿ.ಇಎಲ್.ಇಡಿಗೆ ಬೆಲೆ ಇದೆ, ಅದನ್ನು ಅರ್ಧಕ್ಕೆ ಬಿಡಬೇಡಿ. ಮತ್ತೆ ಪ್ರತಿ ನೇಮಕಾತಿಯ ಅಧಿಸೂಚನೆಯನ್ನೂ ಪೂರ್ತಿ ಓದಿ. ರಾಜ್ಯದ ವೃಂದ ಮತ್ತು ನೇಮಕಾತಿ ನಿಯಮ ಏನು ಹೇಳುತ್ತದೋ ಅರ್ಜಿ ಹಾಕುವ ದಿನ ಅದೇ ಮುಖ್ಯ.

ಕೈಮಾತಿನ ಟೀಚರ್, ಮೈಸೂರು

ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಎರಡೂ ಕಲಿತರೆ ಎಲ್ಲ ಮಕ್ಕಳಿಗೂ ಪಾಠ ಮಾಡಬಹುದು ಅನ್ನುವ ಮಾತು ಕೇಳಿದಾಗ ನನಗೆ ಭಯವಾಗುತ್ತದೆ. ಕಿವುಡ ಮಗುವಿಗೆ ಬೇಕಾದದ್ದು ಭಾಷೆ. ಮನೆಯಲ್ಲಿ ಎಲ್ಲರೂ ಕಿವಿ ಕೇಳುವವರೇ ಆದರೆ, ಆ ಮಗು ಆರು ವರ್ಷಕ್ಕೆ ಶಾಲೆಗೆ ಬರುವಾಗ ಅದಕ್ಕೆ ಕನ್ನಡವೂ ಇರುವುದಿಲ್ಲ, ಸಂಜ್ಞೆ ಭಾಷೆಯೂ ಇರುವುದಿಲ್ಲ. "ನಿನ್ನೆ", "ನಾಳೆ", "ಯಾಕೆ" ಅನ್ನುವುದನ್ನು ಹೇಳಿಕೊಳ್ಳಲು ಅದರ ಹತ್ತಿರ ಏನೂ ಇಲ್ಲ. ಅಂಥ ಮಗುವಿನ ಮುಂದೆ ಹಣ್ಣು, ತರಕಾರಿ, ಬಣ್ಣದ ಸಂಜ್ಞೆ ಮಾತ್ರ ಗೊತ್ತಿರುವ ಟೀಚರ್ ನಿಂತರೆ ಏನು ಪ್ರಯೋಜನ? ಸಂಜ್ಞೆ ಭಾಷೆಗೂ ಅದರದೇ ವ್ಯಾಕರಣ ಇದೆ. ಕಿವುಡರ ಜೊತೆ ವರ್ಷಗಟ್ಟಲೆ ಒಡನಾಡದೆ ಅದು ಬರುವುದಿಲ್ಲ. ಶ್ರವಣ ಸಾಧನದ ಕೆಲಸ, ಮಾತಿನ ತರಬೇತಿ, ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ಓದುವುದು ಬೇರೆ ಇದೆ.

ಸಾಮಾನ್ಯ ಶಾಲೆಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳ ನಡುವೆ ಒಬ್ಬ ಕಿವುಡ ಹುಡುಗನನ್ನು ಕೂರಿಸಿ, ಅವನು ಪಕ್ಕದವರ ಪುಸ್ತಕ ನೋಡಿ ನಕಲು ಮಾಡುವುದನ್ನು ಕಲಿಕೆ ಅಂತ ತಿಳಿದು ಎಂಟನೇ ತರಗತಿ ತನಕ ದಾಟಿಸಿದ ಉದಾಹರಣೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಕ್ಷರ ಎಷ್ಟು ದುಂಡಗೆ! ಬರೆದದ್ದು ಏನು ಅಂತ ಕೇಳಿದರೆ ಒಂದು ಪದವೂ ಗೊತ್ತಿಲ್ಲ. ಆ ವರ್ಷಗಳು ಆ ಹುಡುಗನಿಗೆ ಮತ್ತೆ ಸಿಗುವುದಿಲ್ಲ.

ಹಾಗಾಗಿ ತಂಗಿ, ಸ್ಪೆಷಲ್ ಡಿ.ಇಡಿ ಖಂಡಿತ ಮಾಡಿ. ಆದರೆ ಅದು ಒಂದು ವಿಭಾಗದ ತರಬೇತಿ ಅನ್ನುವುದನ್ನು ಮರೆಯಬೇಡಿ. ನಿಮ್ಮ ವಿಭಾಗಕ್ಕೆ ಹೊರಗಿನ ಮಗು ಬಂದಾಗ, ಸರಿಯಾದವರ ಹತ್ತಿರ ಕಳಿಸುವುದೂ ಶಿಕ್ಷಕರ ಕೆಲಸವೇ.

ನಲಿ-ಕಲಿ ಮೇಷ್ಟ್ರು, ಹಾಸನ

ಮೇಡಂ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕಿವುಡು ಮತ್ತು ಅಂಧತ್ವದ ವಿಷಯದಲ್ಲಿ ಆಳವಾದ ತರಬೇತಿಗೆ ಬದಲಿ ಇಲ್ಲ. ನನ್ನ ಶಾಲೆಗೆ ಪೂರ್ತಿ ಕಿವಿ ಕೇಳದ ಮಗು ಬಂದರೆ ನಾನು ಒಬ್ಬನೇ ಕಲಿಸುತ್ತೇನೆ ಅಂತ ಯಾವತ್ತೂ ಹೇಳುವುದಿಲ್ಲ.

ಆದರೆ ಒಂದು ಮಾತು. ಆ ಹುಡುಗ ಎಂಟನೇ ತರಗತಿ ತನಕ ನಕಲು ಮಾಡುತ್ತಾ ಬಂದದ್ದು ಯಾಕೆ? ಒಂದನೇ ತರಗತಿಯಲ್ಲಿ ಅವನ ಮುಂದೆ ನಿಂತ ಶಿಕ್ಷಕರಿಗೆ ಇದು ನಕಲು ಅಂತ ಹಿಡಿಯುವ ಕಣ್ಣು ಇರಲಿಲ್ಲ. ಆ ಕಣ್ಣು ಪ್ರತಿ ಪ್ರಾಥಮಿಕ ಶಾಲೆಯಲ್ಲೂ ಒಬ್ಬರಿಗಾದರೂ ಇರಬೇಕು ಅನ್ನುವುದೇ ನನ್ನ ವಾದ. ವಿಶೇಷ ಶಾಲೆಗಳು ಜಿಲ್ಲಾ ಕೇಂದ್ರದಲ್ಲಿ, ದೊಡ್ಡ ಊರುಗಳಲ್ಲಿ ಇವೆ. ಮಕ್ಕಳು ಎಲ್ಲ ಹಳ್ಳಿಗಳಲ್ಲಿ ಇದ್ದಾರೆ. ಮಗು ಮೊದಲು ಬರುವುದು ನಮ್ಮ ಹತ್ತಿರ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ವಿಶೇಷ ಶಿಕ್ಷಣ ಮಾತ್ರ ಕಲಿತವರಿಗೆ ಸಾಮಾನ್ಯ ಪ್ರಾಥಮಿಕ ಪಠ್ಯದ ಅಂದಾಜು ಇಲ್ಲದೆ ಹೋದರೆ ಮಗುವಿಗೆ ಬೇರೆ ರೀತಿಯ ನಷ್ಟ. ಮಗು ಹತ್ತರ ಕಟ್ಟು, ಬಿಡಿ ಕಡ್ಡಿ ಎಣಿಸುವ ಮಟ್ಟಕ್ಕೆ ಬಂದಿರುತ್ತದೆ. ಅಲ್ಲಿಂದ ಎರಡಂಕಿ ಕೂಡುವುದಕ್ಕೆ, ದಶಕ ತೆಗೆದುಕೊಳ್ಳುವುದಕ್ಕೆ ದಾರಿ ಹೇಗೆ ಅಂತ ಗೊತ್ತಿಲ್ಲದಿದ್ದರೆ ವರ್ಷವಿಡೀ ಬಣ್ಣ ತುಂಬಿಸುವುದು, ಮಣಿ ಪೋಣಿಸುವುದೇ ಆಗುತ್ತದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ತಯಾರಿಸಿದ ಎಫ್‌ಎಸಿಪಿ ಪಟ್ಟಿ ಇಟ್ಟುಕೊಂಡು ಊಟ, ಬಟ್ಟೆ, ಶೌಚ, ಓದು, ಲೆಕ್ಕ ಎಲ್ಲವನ್ನೂ ಅಳೆಯುತ್ತೇವೆ. ಅದು ಒಳ್ಳೆಯ ಸಾಧನ. ಆದರೆ ಓದು, ಲೆಕ್ಕದ ಭಾಗಕ್ಕೆ ಬಂದಾಗ ಕೈ ಹಿಡಿಯುವುದು ಡಿ.ಇಎಲ್.ಇಡಿಯಲ್ಲಿ ಕಲಿತ ಬೋಧನಾ ಕ್ರಮವೇ.

ತುಮಕೂರಿನ ಅಮ್ಮ

ನಾನು ಟೀಚರ್ ಅಲ್ಲ. ನನ್ನ ಮಗನಿಗೆ ಆಟಿಸಂ ಇದೆ. ಈಗ ನಾಲ್ಕನೇ ತರಗತಿ. ಮಾತಾಡಬಹುದಾ ಗೊತ್ತಿಲ್ಲ, ಆದರೆ ಇದು ನಮ್ಮ ಮಕ್ಕಳದೇ ವಿಷಯ ಅಲ್ವಾ.

ಮೊದಲು ಸೇರಿಸಿದ ಶಾಲೆಯಲ್ಲಿ "ಇವನು ಎಲ್ಲರಿಗೂ ತೊಂದರೆ ಕೊಡುತ್ತಾನೆ, ವಿಶೇಷ ಶಾಲೆಗೆ ಸೇರಿಸಿ" ಅಂದರು. ವಿಶೇಷ ಶಾಲೆಗೆ ಹೋದರೆ "ಇವನಿಗೆ ಓದು ಬರುತ್ತೆ, ಸಾಮಾನ್ಯ ಶಾಲೆಗೆ ಸೇರಿಸಿ" ಅಂದರು. ಇಬ್ಬರ ನಡುವೆ ಒಂದು ವರ್ಷ ಹೋಯಿತು. ಆಮೇಲೆ ನಮ್ಮ ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಬ್ಬರು ಟೀಚರ್ ಸಿಕ್ಕರು. ಅವರು ಎರಡೂ ಓದಿದವರು. ಮೊದಲ ವಾರ ಅವರು ಏನೂ ಪಾಠ ಮಾಡಲಿಲ್ಲ, ಬರೀ ನೋಡಿದರು. ಆಮೇಲೆ ನನ್ನನ್ನು ಕರೆದು ಹೇಳಿದರು: "ಇವನು ಕಿರುಚುವುದು ಗಂಟೆ ಹೊಡೆದಾಗ ಅಲ್ಲ, ಮುಂದೇನು ಅಂತ ಗೊತ್ತಾಗದೆ ಇದ್ದಾಗ." ಒಂದು ರಟ್ಟಿನ ಮೇಲೆ ಆ ದಿನದ ಕೆಲಸಗಳ ಚಿತ್ರ ಅಂಟಿಸಿಕೊಟ್ಟರು. ಪ್ರಾರ್ಥನೆ, ಹಾಲು, ಕನ್ನಡ, ಆಟ, ಊಟ, ಲೆಕ್ಕ, ಮನೆ. ಒಂದು ಮುಗಿದರೆ ಅದನ್ನು ಅವನೇ ಕಿತ್ತು ಡಬ್ಬಿಗೆ ಹಾಕಬೇಕು. ಈಗಲೂ ಅದು ನಡೆಯುತ್ತಿದೆ. ಬಿಸಿಯೂಟಕ್ಕೆ ಸದ್ದು ಕಡಿಮೆ ಇರುವ ಮೂಲೆಯಲ್ಲಿ ಇಬ್ಬರು ಗೆಳೆಯರ ಜೊತೆ ಕೂರುತ್ತಾನೆ.

ಇಷ್ಟಕ್ಕೆ ದುಡ್ಡು ಖರ್ಚಾಗಲಿಲ್ಲ. ಗೊತ್ತಿರುವವರು ಒಬ್ಬರು ಬೇಕಾಗಿತ್ತು, ಅಷ್ಟೇ. ತಂಗಿ, ನೀವು ಓದಿ. ನಿಮ್ಮ ಅಪ್ಪನಿಗೆ ನನ್ನ ಮಾತನ್ನೂ ಓದಿ ಹೇಳಿ.

ಬಿಐಇಆರ್‌ಟಿ, ಉತ್ತರ ಕರ್ನಾಟಕ

ಅಕ್ಕಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು.

ನಾನು ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕಿ. ಬಿಆರ್‌ಸಿ ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದ ಕಚೇರಿಯಲ್ಲಿ ನಮ್ಮ ಜಾಗ, ಕೆಲಸ ಮಾತ್ರ ಇಡೀ ತಾಲ್ಲೂಕಿನ ಶಾಲೆ ಮತ್ತು ಮನೆಗಳಲ್ಲಿ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ, ತೀವ್ರ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು. ಅಂಥ ಮನೆಗಳಿಗೂ ಹೋಗುತ್ತೇವೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಇರುವ ದೂರ, ಬಸ್ಸಿನ ಸಮಯ ಲೆಕ್ಕ ಹಾಕಿದರೆ ಒಂದು ಮಗುವಿಗೆ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ ಅಂತ ನೀವೇ ಊಹಿಸಿ. ಶಾಲೆಯಲ್ಲಿ ದಿನವೂ ಇರುವ ಶಿಕ್ಷಕರು ನಮ್ಮ ಮಾತನ್ನು ಮುಂದುವರಿಸದಿದ್ದರೆ ನಮ್ಮ ಭೇಟಿ ರಿಜಿಸ್ಟರಿನ ಒಂದು ಸಾಲು ಆಗಿ ಉಳಿಯುತ್ತದೆ.

ನನಗೆ ಜಾಸ್ತಿ ಕೆಲಸ ಕೊಡುವುದು ತಪ್ಪು ಗುರುತಿಸುವಿಕೆ. ಎನ್‌ಸಿಇಆರ್‌ಟಿಯ ಪ್ರಶಸ್ತ್ ಆ್ಯಪ್ 2022ರಿಂದ ಇದೆ. ಶಿಕ್ಷಕರು ಅದರ ಪ್ರಶ್ನೆಗಳಿಗೆ ಉತ್ತರ ತುಂಬಿ, ಮುಂದಿನ ತಪಾಸಣೆಗೆ ಯಾರನ್ನು ಕಳಿಸಬೇಕು ಅಂತ ತಿಳಿಯಬಹುದು. ಆದರೆ ತುಂಬುವವರಿಗೆ ಎರಡೂ ಕಡೆಯ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ತಾಂಡಾದಿಂದ ಬಂದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ. ಒಂದನೇ ತರಗತಿಯಲ್ಲಿ ಟೀಚರ್ ಕನ್ನಡದಲ್ಲಿ ಹೇಳಿದ್ದು ತಿಳಿಯದೆ ಸುಮ್ಮನೆ ಕೂರುತ್ತದೆ. "ಬುದ್ಧಿ ಕಮ್ಮಿ" ಅಂತ ನನ್ನ ಪಟ್ಟಿಗೆ ಬರುತ್ತದೆ. ಗಡಿಯಲ್ಲಿ ಮರಾಠಿ ಮನೆಯ ಮಕ್ಕಳದ್ದೂ ಇದೇ ಕಥೆ. ಹಾಲಿಗೆ "ಆಲು" ಅನ್ನುವ ಮಗುವನ್ನು ಉಚ್ಚಾರದ ದೋಷ ಅಂತ ಕಳಿಸಿದ್ದೂ ಇದೆ. ಅವರ ಮನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಅದು ದೋಷವಲ್ಲ.

ಇದರ ಉಲ್ಟಾ ಇನ್ನೂ ನೋವಿನದು. ಮಾತು, ಲೆಕ್ಕ, ತಿಳಿವಳಿಕೆ ಎಲ್ಲ ಚೆನ್ನಾಗಿರುವ ಹುಡುಗಿ ಐದನೇ ತರಗತಿಯಲ್ಲೂ "ಅಕ್ಕ" ಅನ್ನು "ಅಕ" ಅಂತ ಓದುತ್ತಾಳೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ, ಗುಣಿತಾಕ್ಷರದಲ್ಲಿ ಕಿ ಮತ್ತು ಕೀ ಬೆರೆಯುತ್ತವೆ. ಎಲ್ಲರೂ ಅವಳಿಗೆ ಸೋಮಾರಿ ಅಂತ ಹೆಸರಿಟ್ಟಿರುತ್ತಾರೆ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಕಾಯ್ದೆಯ 21ರಲ್ಲಿ ಒಂದು. ಅದನ್ನು ಬೇಗ ಪತ್ತೆ ಹಚ್ಚುವುದು ಶಾಲೆಯ ಕರ್ತವ್ಯ ಅಂತ 16ನೇ ಸೆಕ್ಷನ್ ಹೇಳುತ್ತದೆ. ಶಿರಸಿಯ ತಂಗಿ ಹೇಳಿದ ಕಥೆ ಹೇಳುವ ಹುಡುಗಿ ಅಂಥವಳೇ ಅಂತ ನಾನು ಹೇಳುತ್ತಿಲ್ಲ. ಇಷ್ಟು ಚಿಕ್ಕ ತರಗತಿಯಲ್ಲಿ ಅಂಥ ತೀರ್ಮಾನ ಆತುರದ್ದು. ಆದರೆ ಅವಳು ಓದುವಾಗ ಎಲ್ಲಿ ನಿಲ್ಲುತ್ತಾಳೆ, ಯಾವುದನ್ನು ಏನಂತ ಓದುತ್ತಾಳೆ ಎಂದು ಈಗಿನಿಂದ ಬರೆದಿಡಿ. ಮುಂದೆ ತಪಾಸಣೆ ಮಾಡುವವರಿಗೆ ನಿಮ್ಮ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ಮಾತು ಕಡಿಮೆ ಇರುವವನಿಗೆ ಮೊದಲು ಕಿವಿ ಪರೀಕ್ಷೆ. ಬೇರೆ ಯಾವ ಊಹೆಗೂ ಮುಂಚೆ ಅದು. ನಿಮ್ಮ ಕಡೆ ಮಳೆ ಜಾಸ್ತಿ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದಾಗ ಸ್ವಲ್ಪ ಕಿವಿ ಮಂದ ಇರುವ ಮಗುವಿಗೆ ಏನೂ ಕೇಳುವುದಿಲ್ಲ. ಹಾಗೇ ನಾವು ಬೋರ್ಡಿನ ಕಡೆ ಮುಖ ಮಾಡಿ ಮಾತಾಡಿದರೆ ತುಟಿಯೂ ಕಾಣುವುದಿಲ್ಲ.

ಬೆರಳಲ್ಲಿ ಓದುವವನು

ನಾನು ದೃಷ್ಟಿ ಇಲ್ಲದ ಶಿಕ್ಷಕ. ಸಾಮಾನ್ಯ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. 2016ರ ಕಾಯ್ದೆಯ 17ನೇ ಸೆಕ್ಷನ್, ಅಂಗವೈಕಲ್ಯ ಇರುವವರನ್ನೂ ಶಿಕ್ಷಕರಾಗಿ ತರಬೇತು ಮಾಡಿ ನೇಮಿಸಬೇಕು ಅನ್ನುತ್ತದೆ. ಆ ಮಾತು ಈ ಚರ್ಚೆಯಲ್ಲಿ ಬರಲಿಲ್ಲ, ಅದಕ್ಕೆ ಹೇಳಿದೆ.

ಬ್ರೈಲ್ ಕಲಿಯುವ ಬಗ್ಗೆ ಒಂದು ವಿಷಯ. ಕನ್ನಡ ಬ್ರೈಲ್ ಭಾರತಿ ಬ್ರೈಲ್ ಪದ್ಧತಿಯಲ್ಲಿದೆ. ಆರು ಚುಕ್ಕಿಗಳೊಳಗೆ ಎಲ್ಲ ಅಕ್ಷರ. ಇದರಲ್ಲಿ ಗುಣಿತದ ಚಿಹ್ನೆ ಅಕ್ಷರಕ್ಕೆ ಅಂಟಿಕೊಳ್ಳುವುದಿಲ್ಲ, ವ್ಯಂಜನದ ಪಕ್ಕದ ಮನೆಯಲ್ಲಿ ಸ್ವರ ಬರುತ್ತದೆ. ಒತ್ತಕ್ಷರ ಕೆಳಗೆ ಹೋಗುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ. ಬ್ರೈಲ್ ಸ್ಲೇಟು ಮತ್ತು ಸ್ಟೈಲಸ್ (ಚುಕ್ಕಿ ಚುಚ್ಚುವ ಮೊನೆ) ಇಟ್ಟು ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚುತ್ತೇವೆ, ಕಾಗದ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತೇವೆ. ಕಣ್ಣು ಕಾಣುವ ಶಿಕ್ಷಕರು ಇದನ್ನು ಕಣ್ಣಿನಿಂದಲೇ ಓದಲು ಬೇಗ ಕಲಿಯುತ್ತಾರೆ. ಅದು ತಪ್ಪಲ್ಲ. ಆದರೆ ಮಗುವಿನ ಬೆರಳು ಸಾಲಿನ ಮೇಲೆ ಹೇಗೆ ಹರಿಯಬೇಕು, ಎಷ್ಟು ಹಗುರವಾಗಿ ಮುಟ್ಟಬೇಕು ಅನ್ನುವುದನ್ನು ಬೆರಳಿನಲ್ಲಿ ಓದುವವರ ಜೊತೆ ಕೂತು ಕಲಿಯಿರಿ.

ಮಂದದೃಷ್ಟಿಯ ಮಕ್ಕಳ ಬಗ್ಗೆಯೂ ಒಂದು ಮಾತು. ಎಲ್ಲರೂ ಅಂಥವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಸುಮ್ಮನಾಗುತ್ತಾರೆ. ಪಕ್ಕದ ಕಿಟಕಿಯ ಬೆಳಕು ಬೋರ್ಡಿನ ಮೇಲೆ ಹೊಳೆಯುತ್ತಿದ್ದರೆ ಮುಂದಿನ ಸಾಲಿನಿಂದಲೂ ಏನೂ ಕಾಣುವುದಿಲ್ಲ. ಮಗುವನ್ನೇ ಕೇಳಿ. ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ ಅದಕ್ಕೆ ಗೊತ್ತಿರುತ್ತದೆ.

ಎಡಿಸನ್ ಕನ್ನಡಿಗ

ನಾನು ನ್ಯೂಜೆರ್ಸಿಯಲ್ಲಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ವಿಶೇಷ ಶಿಕ್ಷಣದ ಅರ್ಹತೆಯನ್ನು ಇನ್ನೊಂದು ಬೋಧನಾ ಪ್ರಮಾಣಪತ್ರದ ಮೇಲೆ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಪ್ರಾಥಮಿಕ ಮತ್ತು ವಿಶೇಷ ಶಿಕ್ಷಣ ಎರಡನ್ನೂ ಒಟ್ಟಿಗೆ ಓದುವವರು ಬಹಳ. ಒಂದೇ ತರಗತಿಯಲ್ಲಿ ಇಬ್ಬರು ಶಿಕ್ಷಕರು ಸೇರಿ ಪಾಠ ಮಾಡುವುದೂ ಸಾಮಾನ್ಯ. ನನ್ನ ಅನುಭವದಲ್ಲಿ ಈ ಜೋಡಿ ಚೆನ್ನಾಗಿ ನಡೆಯುವುದು ಇಬ್ಬರಿಗೂ ಎರಡೂ ಗೊತ್ತಿದ್ದಾಗ. ಇಲ್ಲದಿದ್ದರೆ ವಿಶೇಷ ಶಿಕ್ಷಕರು ಹಿಂದಿನ ಬೆಂಚಿನಲ್ಲಿ "ಅವರ" ಮಕ್ಕಳ ಜೊತೆ ಕೂತು, ಒಂದೇ ಕೋಣೆಯಲ್ಲಿ ಎರಡು ತರಗತಿ ಆಗಿಬಿಡುತ್ತದೆ.

ಶಿರಸಿ ಕಡೆಯವಳು

ಇಷ್ಟೊಂದು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ತುಮಕೂರಿನ ಅಕ್ಕ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ಆದರೆ ರಾತ್ರಿ "ಆ ಕೋರ್ಸ್ ಎಲ್ಲಿದೆ" ಅಂತ ಕೇಳಿದರು.

ಈಗ ನನ್ನ ಪ್ರಶ್ನೆ: ಯಾವ ವಿಭಾಗ ತೆಗೆದುಕೊಳ್ಳಲಿ? ಕಾಲೇಜು ಒಳ್ಳೆಯದಾ ಅಂತ ಹೇಗೆ ನೋಡಲಿ? ದೂರಶಿಕ್ಷಣದಲ್ಲಿ ಮಾಡಿದರೆ ನಡೆಯುತ್ತದಾ? ಮುಂದೆ ಹುದ್ದೆಗಳು ಬರುತ್ತವಾ?

ನಿಯಮ ನೋಡುವವನು

ಹುದ್ದೆಯ ಪ್ರಶ್ನೆಗೆ ಮೊದಲು ಉತ್ತರ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ವಿಶೇಷ ಶಿಕ್ಷಕರ ಬಗ್ಗೆ ತೀರ್ಪು ಕೊಟ್ಟಿತು. ಅದರ ಬೆನ್ನಿಗೆ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಅನ್ನುವ ಪ್ರಮಾಣ ಬಂತು. ರಾಜ್ಯಗಳು ಹುದ್ದೆ ಮಂಜೂರು ಮಾಡಿ ತುಂಬಬೇಕು ಎಂದು 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಹೇಳಿತು. ಹಾಗಂತ ನಾಳೆಯೇ ಅರ್ಜಿ ಕರೆಯುತ್ತಾರೆ ಅಂತ ನಂಬಿ ಕೂರಬೇಡಿ. ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳಲ್ಲಿ ಗೌರವಧನ ಕಡಿಮೆ. ಇದು ನಿಜ, ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ಸರಿಯಲ್ಲ. ಅದಕ್ಕೇ ಡಿ.ಇಎಲ್.ಇಡಿ ಮುಗಿಸಿ, ಟಿಇಟಿ ಪೇಪರ್ 1 ಬರೆಯಿರಿ. 150 ಅಂಕ, ಸಾಮಾನ್ಯ ವರ್ಗಕ್ಕೆ ಶೇ 60 ಬೇಕು. ಒಮ್ಮೆ ಪಾಸಾದರೆ ಅದು ಜೀವನಪೂರ್ತಿ ನಡೆಯುತ್ತದೆ. ಆಮೇಲೆ ಸ್ಪೆಷಲ್ ಡಿ.ಇಡಿಗೆ ಹೋಗಿ.

ಕಾಲೇಜಿನ ವಿಷಯ. ಆರ್‌ಸಿಐ ಜಾಲತಾಣದಲ್ಲಿ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿ ಇದೆ. ಕಾಲೇಜಿನ ಹೆಸರು ಇದ್ದರೆ ಸಾಲದು, ನಿಮ್ಮ ಕೋರ್ಸು, ನಿಮ್ಮ ವಿಭಾಗ, ನಿಮ್ಮ ವರ್ಷಕ್ಕೆ ಮಾನ್ಯತೆ ಇದೆಯಾ ನೋಡಿ. ಮಾನ್ಯತೆ ಮುಗಿದ ಮೇಲೂ ಸೀಟು ತುಂಬಿಸಿಕೊಂಡ ಕಡೆ ಓದಿ, ಕೊನೆಗೆ ನೋಂದಣಿ ಸಿಗದೆ ಅತ್ತವರನ್ನು ನೋಡಿದ್ದೇನೆ. ಡಿಪ್ಲೊಮಾಕ್ಕೆ ರೆಗ್ಯುಲರ್ ಆಗಿಯೇ ಹೋಗಿ. ಎರಡೂ ಕೋರ್ಸನ್ನು ಒಟ್ಟಿಗೆ ಮಾಡಿಸುತ್ತೇವೆ, ಹಾಜರಾತಿ ನೋಡಿಕೊಳ್ಳುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಎರಡು ಪರಿಷತ್ತುಗಳ ಪಠ್ಯಗಳ ನಡುವೆ ಹೊಂದಾಣಿಕೆ ಆಗಬೇಕು, ಸಾಮಾನ್ಯ ಶಿಕ್ಷಕರಿಗೆ ವಿಶೇಷ ಶಿಕ್ಷಣ ಎರಡನೇ ಪರಿಣತಿಯಾಗಿ ಸಿಗಬೇಕು ಅನ್ನುತ್ತದೆ. ಅದು ಪೂರ್ತಿ ಜಾರಿಗೆ ಬಂದರೆ ನಿಮ್ಮ ನಂತರದವರಿಗೆ ನಾಲ್ಕು ವರ್ಷ ಹಿಡಿಯಲಿಕ್ಕಿಲ್ಲ.

ಕೈಮಾತಿನ ಟೀಚರ್, ಮೈಸೂರು

ವಿಭಾಗದ ಬಗ್ಗೆ ನಾನು ಹೇಳುತ್ತೇನೆ. ಸಾಮಾನ್ಯ ಪ್ರಾಥಮಿಕ ಶಾಲೆಯಲ್ಲೇ ಇರುವ ಯೋಚನೆ ಇದ್ದರೆ ಬೌದ್ಧಿಕ ಮತ್ತು ಬೆಳವಣಿಗೆಯ ನ್ಯೂನತೆಗಳ ವಿಭಾಗ, ಐಡಿಡಿ ಅನ್ನುತ್ತಾರಲ್ಲ, ಅದು ನಿಮಗೆ ಹೊಂದುತ್ತದೆ. ನಿಮ್ಮ ತರಗತಿಯಲ್ಲಿ ಅದರ ವಿದ್ಯೆ ದಿನವೂ ಬೇಕಾಗುತ್ತದೆ. ಶ್ರವಣ ಅಥವಾ ದೃಷ್ಟಿ ವಿಭಾಗ ತೆಗೆದುಕೊಂಡರೆ ಅದಕ್ಕೇ ಬದುಕು ಕೊಡುವ ಮನಸ್ಸಿರಲಿ. ಮುಂದೆ ಪದವಿ ಮುಗಿಸಿ ಕಿವುಡ ಮಕ್ಕಳ ಕಡೆ ಬರಬೇಕು ಅನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆ ವಿಭಾಗದ ಸ್ಪೆಷಲ್ ಬಿ.ಇಡಿ ಇದೆ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಅಭ್ಯಾಸ ಬೋಧನೆಗೆ ಮಕ್ಕಳು ಎಲ್ಲಿದ್ದಾರೆ ಅಂತ ಕೇಳಿ. ಜೊತೆಗೆ ಒಂದು ವಿಶೇಷ ಶಾಲೆ ಇದೆಯಾ? ಸಾಮಾನ್ಯ ಶಾಲೆಗೂ ಕಳಿಸುತ್ತಾರಾ? ಹಿಂದಿನ ವಿದ್ಯಾರ್ಥಿಗಳು ಬರೆದ ಐಇಪಿ ತೋರಿಸಿ ಅನ್ನಿ. ಎಲ್ಲ ಮಕ್ಕಳಿಗೂ ಒಂದೇ ಗುರಿ, ಒಂದೇ ವಾಕ್ಯ ಇದ್ದರೆ ಅಲ್ಲಿಂದ ಎದ್ದು ಬನ್ನಿ.

ನಲಿ-ಕಲಿ ಮೇಷ್ಟ್ರು, ಹಾಸನ

ಐಡಿಡಿ ತೆಗೆದುಕೊಳ್ಳಿ, ನನ್ನದೂ ಅದೇ ಮಾತು. ಕೋರ್ಸ್ ಶುರುವಾಗುವ ತನಕ ಕಾಯಬೇಡಿ. ಇಂಟರ್ನ್‌ಶಿಪ್ಪಿನಲ್ಲಿ ಒಂದನ್ನು ಮಾಡಿ ನೋಡಿ.

ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುವುದು. ಇದನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯಿರಿ. ನಲ್ಲಿ ಹತ್ತಿರ ಹೋಗುವುದು, ತೋಳು ಮೇಲೆ ಮಾಡುವುದು, ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸೋಪು ತೆಗೆಯುವುದು, ಉಜ್ಜುವುದು, ನೀರಿಗೆ ಹಿಡಿಯುವುದು, ನಲ್ಲಿ ನಿಲ್ಲಿಸುವುದು, ಒರೆಸುವುದು. ಮಗುವಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಬರೆಯಿರಿ. ಆಮೇಲೆ ಕೊನೆಯಿಂದ ಕಲಿಸಿ. ಒರೆಸುವುದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನೀವು ಕೈ ಹಿಡಿದು ಸಹಾಯ ಮಾಡಿ, ಒರೆಸುವುದು ಮಾತ್ರ ಅದೇ ಮಾಡಲಿ. ಅದು ಬಂದ ಮೇಲೆ ನಲ್ಲಿ ನಿಲ್ಲಿಸುವುದನ್ನೂ ಅದಕ್ಕೆ ಬಿಡಿ. ಹೀಗೆ ಹಿಂದಕ್ಕೆ ಹೋಗಿ. ಕೊನೆಯ ಕೆಲಸ ತಾನೇ ಮುಗಿಸಿದ ಖುಷಿ ಮಗುವಿಗೆ ಪ್ರತಿ ದಿನ ಸಿಗುತ್ತದೆ. ಮೊದಲಿನಿಂದ ಕಲಿಸಿದರೆ ಅರ್ಧದಲ್ಲೇ ಸೋತು ಬಿಡುತ್ತದೆ. ಮೊದಲು ಕೈ ಹಿಡಿಯಿರಿ, ಆಮೇಲೆ ಬರೀ ಮುಟ್ಟಿ, ಆಮೇಲೆ ತೋರಿಸಿ, ಆಮೇಲೆ ಮಾತಲ್ಲಿ ಹೇಳಿ. ಸಹಾಯ ಕಡಿಮೆ ಮಾಡುತ್ತಾ ಹೋಗುವುದನ್ನು ಮರೆತರೆ ಮಗು ನಿಮ್ಮ ಕೈಗೇ ಕಾಯುತ್ತದೆ.

ಕಾಲು ಬಿಗಿ ಇರುವ ಹುಡುಗನಿಗೆ ನೆಲ ಬೇಡ. ಪಾದ ಪೂರ್ತಿ ಊರುವ ಎತ್ತರದ ಕುರ್ಚಿ, ಅದಕ್ಕೆ ಸರಿಯಾದ ಮೇಜು ಕೊಡಿ. ಅವನ ಗುಂಪಿನ ಉಳಿದ ಮಕ್ಕಳೂ ಅದೇ ಮೇಜಿನ ಸುತ್ತ ಕೂರಲಿ, ಅವನೊಬ್ಬನೇ ಮೂಲೆಯಲ್ಲಿ ಕುರ್ಚಿ ಮೇಲೆ ಕೂರುವುದು ಬೇಡ.

ಬಿಐಇಆರ್‌ಟಿ, ಉತ್ತರ ಕರ್ನಾಟಕ

ತಂಗಿ, ಆ ಹುಡುಗನ ಕುರ್ಚಿ, ಕಾಲಿನ ಪಟ್ಟಿ ಇಂಥವು ಬೇಕಾದರೆ ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ ನಮ್ಮಂಥವರನ್ನು ಭೇಟಿಯಾಗಿ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಕಡೆಯಿಂದ ವೈದ್ಯಕೀಯ ತಪಾಸಣಾ ಶಿಬಿರ ನಡೆಯುತ್ತದೆ. ಸಾಧನ ಸಲಕರಣೆ ಯಾರಿಗೆ ಬೇಕು ಅಂತ ಅಲ್ಲೇ ನಿರ್ಧಾರ ಆಗುತ್ತದೆ. ಮುಖ್ಯ ಶಿಕ್ಷಕರ ಮೂಲಕ ಮೂರೂ ಮಕ್ಕಳ ಹೆಸರು ಮೊದಲೇ ಕೊಡಿಸಿ. ಶಿಬಿರಕ್ಕೆ ಬರುವಾಗ ಆಧಾರ್, ಫೋಟೊ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದ್ದರೆ ಅದನ್ನು ತರಲು ಅಪ್ಪ ಅಮ್ಮನಿಗೆ ಹೇಳಿ. ಇಲ್ಲದಿದ್ದರೂ ಕರೆದುಕೊಂಡು ಬನ್ನಿ.

ಸಾಧ್ಯವಾದರೆ ಆ ದಿನ ನೀವೂ ಮಕ್ಕಳ ಜೊತೆ ಬನ್ನಿ, ಬರೆದಿಟ್ಟ ಹಾಳೆ ತನ್ನಿ. ಡಾಕ್ಟರ್ ಮಗುವನ್ನು ಕೆಲವೇ ನಿಮಿಷ ನೋಡುತ್ತಾರೆ. ನೀವು ದಿನವೂ ನೋಡಿದ್ದೀರಿ.